ದೊಡ್ಡ ಕನ್ನಡಿಯ ಕರಿ ಬಿಲ್ಲೆ

ಮೊದಲೇ ಹೇಳಿಬಿಡುತ್ತೇನೆ, ಕನ್ನಡಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೂವತ್ತೊಂದು ವರ್ಷದಿಂದ ಸಲೂನು ನಡೆಸುತ್ತಿದ್ದೇನೆ. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ನಾನು ಮಾಡುವ ಮೊದಲ ಕೆಲಸ ಗೋಡೆಗನ್ನಡಿ ಒರೆಸುವುದು, ಶಟರ್ ಎಳೆಯುವ ಮುಂಚಿನ ಕೊನೆಯ ಕೆಲಸವೂ ಅದೇ. ಒಂದು ನೊಣ ಅದರ ಮೇಲೆ ಕೂತು ಎದ್ದುಹೋದರೂ ನನಗೆ ಗೊತ್ತಾಗುತ್ತದೆ. ನನ್ನನ್ನು ಹಳ್ಳಕ್ಕೆ ಕೆಡವಿದ್ದು ಇದೇ ಹೆಮ್ಮೆ.

ಪಕ್ಕದ ಬೀದಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಯಜಮಾನರು ಇಪ್ಪತ್ತೆರಡು ವರ್ಷಗಳಿಂದ ನನ್ನ ಗಿರಾಕಿ. ಎರಡು ವರ್ಷ ಗಾಜು ಉಜ್ಜಿ ಉಜ್ಜಿ ತಾವೇ ಒಂದು ಟೆಲಿಸ್ಕೋಪ್ ಮಾಡಿದ್ದರು. ನೋಡಲು ದಪ್ಪ ನೀರಿನ ಪೈಪಿನ ಹಾಗೆ, ಎದೆಯೆತ್ತರ. ತಳದಲ್ಲಿ ಊಟದ ತಟ್ಟೆಗಿಂತ ಚಿಕ್ಕದಾದ, ಆದರೂ 'ದೊಡ್ಡ ಕನ್ನಡಿ' ಎಂದು ಕರೆಸಿಕೊಳ್ಳುವ ಕನ್ನಡಿ. ಬಾಯಿಯ ಹತ್ತಿರ ಓರೆಯಾಗಿ ನಿಂತ ಸಣ್ಣ ಕನ್ನಡಿ. ದೊಡ್ಡದು ಬೆಳಕನ್ನು ಹಿಡಿದು ಸಣ್ಣದಕ್ಕೆ ಎಸೆಯುತ್ತದೆ, ಸಣ್ಣದು ಅದನ್ನು ಪಕ್ಕದ ಕೊಳವೆಯಲ್ಲಿ ಇಣುಕುವವನ ಕಣ್ಣಿಗೆ ತಿರುಗಿಸುತ್ತದೆ. ಎರಡೂ ಒಂದನ್ನೊಂದು ನೆಟ್ಟಗೆ ನೋಡುತ್ತಿರಬೇಕು, ಅಷ್ಟೇ. ಗಂಡ ಹೆಂಡತಿ ಮುನಿಸಿಕೊಂಡು ಆಚೆ ಈಚೆ ತಿರುಗಿ ಕೂತರೆ ಮನೆಯಲ್ಲಿ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ.

ಒಂದು ಸಂಜೆ ಅವರು ನನ್ನನ್ನು ಮಾಳಿಗೆಗೆ ಕರೆದು ಶನಿಯನ್ನು ತೋರಿಸಿದರು. ಪುಟ್ಟ ಗುಂಡು, ಅದರ ಸುತ್ತ ಅದಕ್ಕೆ ತಾಗದೆ ನಿಂತ ಬಳೆ. ಕೊಳವೆಯಿಂದ ಕಣ್ಣು ತೆಗೆದು ಬರಿಗಣ್ಣಿನಲ್ಲಿ ಆಕಾಶ ನೋಡಿದೆ, ಮತ್ತೆ ಕೊಳವೆಗೆ ಕಣ್ಣಿಟ್ಟೆ. ಮೂವತ್ತೊಂದು ವರ್ಷ ಜನರ ತಲೆಯನ್ನೇ ಬಗ್ಗಿ ನೋಡಿದವನಿಗೆ, ತಲೆಯ ಮೇಲೆ ಇಂಥದ್ದೊಂದು ತೂಗಾಡುತ್ತಿದೆ ಎಂದು ಯಾರೂ ಹೇಳಿರಲಿಲ್ಲ. ನನಗೆ ಅದು ಬೇಕು ಅನ್ನಿಸಿತು. ಚಿಕ್ಕ ಮಕ್ಕಳಿಗೆ ಬಲೂನು ಬೇಕು ಅನ್ನಿಸುತ್ತದಲ್ಲ, ಹಾಗೆ.

ಯಜಮಾನರು ಮೂರನೇ ಮಹಡಿಯ ಮನೆಗೆ ಹೋಗುವವರಿದ್ದರು. ಅಲ್ಲಿ ಮಾಳಿಗೆಗೆ ಬೀಗ, ಇವರಿಗೆ ಮಂಡಿನೋವು. ಟೆಲಿಸ್ಕೋಪನ್ನು ಕಡಿಮೆ ದುಡ್ಡಿಗೆ ನನಗೆ ಕೊಡಲು ಒಪ್ಪಿದರು, ಆದರೆ ಮಗಳನ್ನು ಕೊಡುವ ಅಪ್ಪನ ಹಾಗೆ ಒಂದು ಶರತ್ತು ಹಾಕಿದರು.

"ಹತ್ತೊಂಬತ್ತನೇ ತಾರೀಖು ಸಂಜೆ ಬರ್ತೀನಿ ಕಣಯ್ಯಾ. ಶನಿ ನಂಗೆ ಹೆಂಗೆ ಕಾಣ್ತಿತ್ತೋ ಹಂಗೇ ಕಾಣ್ಬೇಕು. ಇಲ್ಲಾಂದ್ರೆ ವಾಪಸ್ ತಗೊಂಡು ಹೋಗ್ತೀನಿ, ಕೇಳೋರು ಇನ್ನೂ ಇಬ್ರು ಇದ್ದಾರೆ. ಇನ್ನೊಂದು ಮಾತು. ದೊಡ್ಡ ಕನ್ನಡೀನ ಮಾತ್ರ ಮುಟ್ಬೇಡ."

ನನಗೆ ಹದಿನೈದು ದಿನ ಸಿಕ್ಕಿತು. ಮುಟ್ಟುವುದಿಲ್ಲ ಎಂದು ಮಾತು ಕೊಟ್ಟು ಪೈಪನ್ನು ಹೊತ್ತು ತಂದೆ. ನಮ್ಮ ಅಂಗಡಿ ಒಂದೇ ಕೋಣೆಯದು. ನಡುವೆ ಪರದೆ, ಈಚೆ ನನ್ನ ಸಲೂನು, ಆಚೆ ನನ್ನಾಕೆಯ ಹೊಲಿಗೆ ಯಂತ್ರ. ಅವಳು ಪರದೆ ಸರಿಸಿ, ಅಳತೆ ಟೇಪು ಕೊರಳಲ್ಲಿ ಹಾಕಿಕೊಂಡೇ, ಒಂದು ಸಲ ಪೈಪನ್ನೂ ಒಂದು ಸಲ ನನ್ನನ್ನೂ ನೋಡಿದಳು.

"ಶನಿ ಹೆಗಲೇರಿದ್ರೆ ಜನ ಇಳಿಸಿಕೊಳ್ಳೋಕೆ ಒದ್ದಾಡ್ತಾರೆ," ಅಂದಳು. "ನೀವು ದುಡ್ಡು ಕೊಟ್ಟು ಹೊತ್ಕೊಂಡು ಬಂದಿದ್ದೀರಿ."

ಮೂರನೆಯ ದಿನ ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಟಾರ್ಚು ಹಿಡಿದು ಪೈಪಿನೊಳಗೆ ನೋಡಿದೆ. ದೊಡ್ಡ ಕನ್ನಡಿಯ ಮೇಲೆ ಧೂಳು. ಧೂಳು ಹಿಡಿದ ಕನ್ನಡಿ ನನ್ನ ಅಂಗಡಿಯಲ್ಲಿ! ಕೈ ಕಟ್ಟಿಕೊಂಡು ಕೂತೆ, ಪೇಪರು ಓದಿದೆ, ಕತ್ತರಿಗೆ ಎಣ್ಣೆ ಬಿಟ್ಟೆ. ಕೈ ಕೇಳಲಿಲ್ಲ. ತಳದ ಸ್ಕ್ರೂಗಳನ್ನು ಬಿಚ್ಚಿ ಕನ್ನಡಿಯನ್ನು ಹೊರಗೆ ತೆಗೆದೆ. ಕೆಲಸ ಮಾತ್ರ ಚೊಕ್ಕಟವಾಗಿ ಮಾಡಿದೆ, ಅದನ್ನು ಒಪ್ಪಿಕೊಳ್ಳಬೇಕು. ಬ್ಯಾಟರಿಗೆ ಹಾಕುವ ಶುದ್ಧ ನೀರು, ಒಂದು ಹನಿ ಶಾಂಪೂ, ಹತ್ತಿ. ಎಳೆ ಮಗುವಿನ ಕೆನ್ನೆ ತೊಳೆದ ಹಾಗೆ, ಒತ್ತದೆ, ಉಜ್ಜದೆ ತೊಳೆದೆ. ಒಂದು ಗೀರು ಬೀಳಲಿಲ್ಲ. ನಟ್ಟನಡುವೆ ಮಾತ್ರ ಒಂದು ಕೊಳೆ ಉಳಿದುಕೊಂಡಿತು. ಅಂಗಿಯ ಗುಂಡಿಯಷ್ಟಗಲದ ಕರಿ ಕಾಗದದ ಬಿಲ್ಲೆ, ಅದರ ಮಧ್ಯೆ ಒಂದು ತೂತು. ಯಾವ ಕಾಲದಲ್ಲಿ ಅಂಟಿಕೊಂಡಿತ್ತೋ ಎಂದುಕೊಂಡು ಹೆಬ್ಬೆರಳಿನ ಉಗುರಿನಿಂದ ಎಬ್ಬಿಸಿ ತೆಗೆದೆ. ಕೆಲಸ ಮುಗಿದ ಸಮಾಧಾನಕ್ಕೆ ಕತ್ತು ಕೆರೆದುಕೊಂಡು, ಕನ್ನಡಿಯನ್ನು ಮತ್ತೆ ಕೂರಿಸಿ, ಸ್ಕ್ರೂಗಳನ್ನು ಕೈಯಲ್ಲಿ ಬಲವಿದ್ದಷ್ಟೂ ಬಿಗಿದೆ.

ಅಂದು ಸಂಜೆ ಶನಿ ತಟ್ಟೆಗೆ ಜಾರಿದ ಮೊಟ್ಟೆಯ ಹಾಗೆ ಕಂಡಿತು. ಗುಂಡೂ ಇಲ್ಲ, ಬಳೆಯೂ ಇಲ್ಲ, ಒಂದು ಕಡೆಗೆ ಬಾಲ ಬೇರೆ.

ಪೈಪಿನ ಜೊತೆ ಕೊಟ್ಟಿದ್ದ ಚೀಲದ ತಳದಲ್ಲಿ ಯಜಮಾನರು ಕೈಯಾರೆ ಬರೆದಿಟ್ಟ ಒಂದು ಹಾಳೆ ಇತ್ತು. ಅದನ್ನು ಮೊದಲೇ ಓದಬೇಕಿತ್ತು. ಮೊದಲೇ ಓದುವುದು ನನ್ನ ಜಾತಕದಲ್ಲಿಲ್ಲ. ಕನ್ನಡಿಗಳು ಜರುಗಿದರೆ ಹೀಗೆ ಮಾಡು ಎಂದಿತ್ತು. ಸಣ್ಣ ಕನ್ನಡಿಯ ಮೂರು ಸ್ಕ್ರೂ ತಿರುಗಿಸಿ ಬೆಳಕು ದೊಡ್ಡ ಕನ್ನಡಿಯ ನಡುವಿನ ಕರಿ ಬಿಲ್ಲೆಯೊಳಗೆ ಬೀಳುವಂತೆ ಮಾಡು. ದೊಡ್ಡ ಕನ್ನಡಿಯ ಮೂರು ಸ್ಕ್ರೂ ತಿರುಗಿಸಿ ಅದೇ ಬೆಳಕು ಬಂದ ದಾರಿಯಲ್ಲೇ ಮರಳುವಂತೆ ಮಾಡು. ಕೆಳಗೆ ಎರಡು ಗೆರೆ ಎಳೆದು ಬರೆದಿದ್ದರು: ಬಿಲ್ಲೆಯನ್ನು ಅರ್ಧ ದಿನ ಅಳೆದು ಅಂಟಿಸಿದ್ದೇನೆ, ಅದಿಲ್ಲದೆ ಏನೂ ನಡೆಯದು.

ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದು ಬಾಚಣಿಗೆಯಿಂದ ಹುಡುಕಿದೆ. ಅಂದು ಹನ್ನೊಂದು ಜನ ಬಂದಿದ್ದರು. ಹನ್ನೊಂದು ತಲೆಯ ಕೂದಲಿನಲ್ಲಿ ಒಂದು ಕರಿ ಬಿಲ್ಲೆ ಹುಡುಕುವ ಸುಖ ಯಾರಿಗೂ ಬೇಡ. ಸಿಗಲಿಲ್ಲ.

ಹೋಗಿ ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದ ಮರುಗಳಿಗೆ ಟೆಲಿಸ್ಕೋಪು ಹೋಗುತ್ತದೆ ಎಂದು ನನಗೆ ಖಾತ್ರಿ ಇತ್ತು. ಅಲ್ಲದೆ ತಪ್ಪಾಯಿತು ಅನ್ನುವ ಮಾತು ನನ್ನ ಬಾಯಲ್ಲಿ ಸುಲಭವಾಗಿ ಬರುವುದಿಲ್ಲ. ಒಬ್ಬ ಗಿರಾಕಿಯ ಮೀಸೆ ಒಂದು ಬದಿ ಗಿಡ್ಡವಾದಾಗಲೂ ನಾನು ಹೇಳಿದ್ದು ನಿಮ್ಮ ಮುಖವೇ ಸ್ವಲ್ಪ ಓರೆ ಎಂದು. ಹಾಗಾಗಿ ಬೇರೆ ದಾರಿ ಹಿಡಿದೆ. ಬಿಲ್ಲೆಯ ಹಂಗಿಲ್ಲದೆ ಕನ್ನಡಿ ಸರಿಮಾಡುವ, ಜೇಬಿಗೂ ಭಾರವಾಗದ ಸಾಧನ ಲೋಕದಲ್ಲಿ ಒಂದಾದರೂ ಇರಲೇಬೇಕು.

ಮೊದಲು ಕನ್ನಡಕ, ದುರ್ಬೀನು ಮಾರುವ ಅಂಗಡಿಗೆ ಹೋದೆ. ಗಲ್ಲಾದವನು ಒಂದು ಉದ್ದ ಕೊಳವೆ ತೋರಿಸಿದ. ಒಳಗೆ ಅಡ್ಡಕ್ಕೂ ಉದ್ದಕ್ಕೂ ಎರಡು ಸಣ್ಣ ತಂತಿ, ಪಕ್ಕದಲ್ಲಿ ಬೆಳಕು ಬೀಳಲು ಕಿಟಕಿ. ನೋಡಲು ಗಟ್ಟಿಮುಟ್ಟು, ಸೆಲ್ ಬೇಡ, ಕೆಡುವಂಥದ್ದು ಏನೂ ಇಲ್ಲ. ಬೆಲೆ ಕೇಳಿ ನಾನು ಕೊಳವೆಯನ್ನು ಮೆಲ್ಲಗೆ ಮೇಜಿನ ಮೇಲೆ ಮಲಗಿಸಿದೆ. ಕನ್ನಡಿಯ ನಡುವೆ ಗುರುತಿಲ್ಲದಿದ್ದರೂ ನಡೆಯುತ್ತದಾ ಎಂದು ದಾರಿಹೋಕನ ಹಾಗೆ ಕೇಳಿದೆ. ಗುರುತಿಲ್ಲದಿದ್ದರೆ ಈ ತಂತಿಗಳನ್ನು ಯಾವುದಕ್ಕೆ ಹೊಂದಿಸುತ್ತೀರಿ, ನನ್ನ ಮೂಗಿಗಾ ಎಂದ. ಅಷ್ಟಾದ ಮೇಲೆ ಅಲ್ಲಿ ನಿಲ್ಲಲಿಲ್ಲ.

ಆಮೇಲೆ ಸಿಕ್ಕಿದ್ದು ನನ್ನ ಭಾಮೈದ. ಮೊಬೈಲ್ ರಿಪೇರಿ ಅವನ ಕಸುಬು, ಅಗ್ಗದ ಮಾಲು ಎಲ್ಲಿ ಸಿಗುತ್ತದೆ ಎಂಬುದು ಅವನಿಗೆ ಕರತಲಾಮಲಕ. ಎರಡು ದಿನದಲ್ಲಿ ಬೆರಳುದ್ದದ ಒಂದು ಲೇಸರ್ ತರಿಸಿಕೊಟ್ಟ. ಇಣುಕುವ ಕೊಳವೆಗೆ ಇದನ್ನು ಸಿಕ್ಕಿಸಿ ಗುಂಡಿ ಒತ್ತಿದರೆ ಕೆಂಪು ಚುಕ್ಕೆ ತಾನೇ ದಾರಿ ತೋರಿಸುತ್ತದೆ, ಕಣ್ಣಿಗೆ ಮಾತ್ರ ಹೊಡೆಸಿಕೊಳ್ಳಬೇಡಿ ಎಂದ. ಚುಕ್ಕೆ ದೊಡ್ಡ ಕನ್ನಡಿಯ ಮೇಲೇನೋ ಬಿತ್ತು. ಆದರೆ ಲೇಸರನ್ನು ಒಂದಿಷ್ಟು ತಿರುಗಿಸಿ ಸಿಕ್ಕಿಸಿದರೆ ಬೇರೆ ಕಡೆ ಬೀಳುತ್ತಿತ್ತು, ಇನ್ನೊಂದಿಷ್ಟು ತಿರುಗಿಸಿದರೆ ಮತ್ತೊಂದು ಕಡೆ.

ಅನುಮಾನ ಬಂದು ಅದನ್ನು ನನ್ನ ಕುರ್ಚಿಯ ತಲೆದಿಂಬಿನ ಎರಡು ಮೆತ್ತೆಗಳ ನಡುವಿನ ಸಂದಿಯಲ್ಲಿ ಮಲಗಿಸಿ, ಎದುರು ಗೋಡೆಗೆ ಗುರಿಯಿಟ್ಟು ಮೆಲ್ಲಗೆ ಉರುಳಿಸಿದೆ. ಚುಕ್ಕೆ ಒಂದೇ ಜಾಗದಲ್ಲಿ ನಿಲ್ಲಬೇಕು ತಾನೇ? ಅದು ಕ್ಯಾಲೆಂಡರಿನ ಮೇಲೆ ಸೋಮವಾರದಿಂದ ಹೊರಟು ಶುಕ್ರವಾರ ಸುತ್ತಿ ಬಳೆಯಷ್ಟು ದೊಡ್ಡ ಸುತ್ತು ಹಾಕಿ ಬಂತು. ನೆಟ್ಟಗೆ ಮಾಡಲು ತಂದ ಸಾಧನವೇ ಸೊಟ್ಟ.

ಭಾಮೈದ ಸೋಲಲಿಲ್ಲ. ಲೇಸರಿನ ಮೈಮೇಲೆ ಗೋಂದು ತುಂಬಿ ಮುಚ್ಚಿದ್ದ ಮೂರು ಸಾಸಿವೆ ಗಾತ್ರದ ಸ್ಕ್ರೂಗಳನ್ನು ಪತ್ತೆ ಮಾಡಿದ. ನಾನು ಉರುಳಿಸುವುದು, ಅವನು ತಿರುಪುವುದು. ಸುತ್ತು ಬಳೆಯಷ್ಟಿದ್ದದ್ದು ನಾಣ್ಯದಷ್ಟಾಯಿತು, ನಾಣ್ಯ ಕಡಲೆಯಷ್ಟಾಯಿತು, ಕೊನೆಗೆ ಚುಕ್ಕೆ ಹತ್ತೊಂಬತ್ತನೇ ತಾರೀಖಿನ ಮೇಲೆ ಕದಲದೆ ನಿಂತಿತು. ಯಜಮಾನರು ಬರುವ ದಿನ. ಕೆಂಪು ದೀಪ ಹಾಕಿ ತೋರಿಸಿದ ಹಾಗಿತ್ತು.

"ಭಾವ, ಈಗ ಇದು ದೊಡ್ಡ ಬೆಲೆದಕ್ಕಿಂತ ಏನೂ ಕಮ್ಮಿ ಇಲ್ಲ," ಅಂದ ಭಾಮೈದ. "ಇನ್ನು ಆ ಬಿಲ್ಲೆ ಒಳಗೆ ಚುಕ್ಕೆ ಬಿಟ್ರೆ ಆಯ್ತು."

ಹೇಳಿ ಯಾಕೋ ಕಿಸಕ್ಕನೆ ನಕ್ಕ. ನಾನು ಟೀ ಕುಡಿದು ಬರುತ್ತೇನೆ ಎಂದು ಎದ್ದು ಹೊರಟೆ. ಬೆನ್ನ ಹಿಂದೆ ಅವನು ಇನ್ನೂ ನಗುತ್ತಿದ್ದ.

ಆ ದಿನಗಳಲ್ಲಿ ಎಲ್ಲರೂ ಒಂದು ಕೈ ಹೆಚ್ಚೇ ನಗುತ್ತಿದ್ದರು. ನಾನು ಬಿಸಿನೀರಿಗೆಂದು ನಲ್ಲಿಯ ಕಡೆ ತಿರುಗಿದರೆ ಸಾಕು, ಬೆಂಚಿನ ಮೇಲೆ ಕಾಯುವವರು ಒಬ್ಬರನ್ನೊಬ್ಬರು ತಿವಿದುಕೊಂಡು ನಗುತ್ತಿದ್ದರು. ನನ್ನ ಹಳೆಯ ಜೋಕುಗಳಿಗೆ ಕಡೆಗೂ ಬೆಲೆ ಬಂತು ಎಂದುಕೊಂಡೆ. ಮನೆಯವಳ ನಡವಳಿಕೆಯೂ ಬದಲಾಗಿತ್ತು. ದಿನಾ ಬೆಳಿಗ್ಗೆ ನಾನು ಅಂಗಡಿಯಲ್ಲಿ ತೊಡುವ, ಒಗೆದ ಬಿಳಿ ಕೋಟನ್ನು ತಾನೇ ನನಗೆ ತೊಡಿಸಿ, ಹಿಂದೆ ನಿಂತು ಕಾಲರನ್ನು ನೀವಿ ನೀವಿ ಸರಿಮಾಡುತ್ತಿದ್ದಳು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಇಲ್ಲದ ಪ್ರೀತಿ. ನಕ್ಷತ್ರ ನೋಡುವ ಗಂಡಸಿಗೆ ಒಂದು ಗಾಂಭೀರ್ಯ ಬರುತ್ತದೆ, ಹೆಂಗಸರಿಗೆ ಅದು ಗೊತ್ತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಬುಧವಾರ ಯಜಮಾನರು ಕಟಿಂಗಿಗೆ ಬಂದರು. ಕುರ್ಚಿಯಲ್ಲಿ ಕೂತು, ಮೂಲೆಯಲ್ಲಿ ನಿಂತ ಪೈಪಿನತ್ತ ಕಣ್ಣು ಹಾಯಿಸಿ, ಎಲ್ಲ ಕ್ಷೇಮವಾ ಎಂದರು. ನೀವು ಕೊಟ್ಟ ಹಾಗೇ ಇದೆ, ಒಂದು ಕೂದಲೂ ಕೊಂಕಿಲ್ಲ ಎಂದೆ. ಬಿಲ್ಲೆಯೂ ಇದೆಯಾ ಎಂದರು. ಅದೆಲ್ಲಿಗೆ ಹೋಗುತ್ತದೆ ಎಂದು ಡಬ್ಬಿಯಿಂದ ಪೌಡರು ತೆಗೆಯಲು ತಿರುಗಿದೆ. ಮತ್ತೆ ಇವರ ಕಡೆ ನೋಡಿದಾಗ ಕಣ್ಣು ಮುಚ್ಚಿಕೊಂಡಿದ್ದರು. ಹೊದಿಸಿದ ಬಟ್ಟೆಯ ಕೆಳಗೆ ಹೊಟ್ಟೆ ಕುಲುಕುತ್ತಿತ್ತು. ಕೂದಲು ಚುಚ್ಚುತ್ತಿರಬೇಕು ಎಂದು ಬಟ್ಟೆ ಕೊಡವಿದೆ.

ಕೊಡವುವ ಭರದಲ್ಲಿ ಪೌಡರ್ ಡಬ್ಬಿ ಕೈಜಾರಿ ನೆಲಕ್ಕೆ ಬಿತ್ತು. ಅದು ಅವರ ಚೀಲದಲ್ಲೇ ಸಿಕ್ಕಿದ್ದ ಹಳೆಯ ಫಿಲ್ಮ್ ರೋಲಿನ ಪ್ಲಾಸ್ಟಿಕ್ ಡಬ್ಬಿ. ಅಚ್ಚುಕಟ್ಟಾಗಿದೆ ಎಂದು ಪೌಡರು ತುಂಬಿದ್ದೆ, ಆದರೆ ದಿನಾ ಸೋರುತ್ತಿತ್ತು. ಯಜಮಾನರು ಅದನ್ನು ಎತ್ತಿ, ಮುಚ್ಚಳದ ನಟ್ಟನಡುವಿನ ತೂತನ್ನು ನನಗೆ ತೋರಿಸಿ, ತಳವನ್ನು ಕತ್ತರಿಸಿ ಹಾಕು ಎಂದರು. ಕತ್ತರಿಸಿ ಇಣುಕುವ ಕೊಳವೆಗೆ ಸಿಕ್ಕಿಸಿ ತೂತಿನಲ್ಲಿ ನೋಡಿದರೆ ಕಣ್ಣು ತಾನಾಗಿ ನಡುವೆ ನಿಲ್ಲುತ್ತದೆ, ಸಣ್ಣ ಕನ್ನಡಿ ದೊಡ್ಡದರ ಪೂರ್ತಿ ಮುಖ ನೋಡುತ್ತಿದೆಯೋ ಇಲ್ಲವೋ ತಿಳಿಯುತ್ತದೆ, ಇದಕ್ಕಿಂತ ಅಗ್ಗದ್ದು ಎಲ್ಲೂ ಸಿಗದು ಎಂದರು. ನಾನು ಆರು ದಿನ ಊರೆಲ್ಲ ಅಲೆದು ಹುಡುಕಿದ್ದರಲ್ಲಿ ಅರ್ಧ ನನ್ನ ಅಂಗಡಿಯಲ್ಲೇ ಪೌಡರು ಸುರಿಸುತ್ತಾ ಕೂತಿತ್ತು.

ಸಾಧನಗಳು ಕೂಡಿಬಂದವು. ಬಿಲ್ಲೆಯೊಂದು ಇಲ್ಲ. ಹಾಗಾದರೆ ಬಿಲ್ಲೆಯನ್ನೇ ಮಾಡಿಬಿಡುವುದು ಎಂದು ತೀರ್ಮಾನಿಸಿದೆ. ಆದರೆ ಒಂದು ಗುಂಡನೆಯ ವಸ್ತುವಿನ ನಡು ಎಲ್ಲಿ ಎಂದು ಕಂಡುಹಿಡಿಯುವುದು ಹೇಗೆ? ನನ್ನಾಕೆಯನ್ನು ಕೇಳಿದೆ. ಯಾರ ತಲೆಗೆ ಬೇಕಿತ್ತು ಎಂದು ಕೇಳಿದಳು. ಸುಮ್ಮನೆ ಕೇಳಿದೆ ಎಂದೆ. ಅವಳು ಲಂಗದ ನಡು ಕತ್ತರಿಸುವ ರೀತಿಯಲ್ಲೇ ತೋರಿಸಿಕೊಟ್ಟಳು. ಕನ್ನಡಿಯಷ್ಟೇ ಅಗಲದ ಕಾಗದವನ್ನು ಗುಂಡಗೆ ಕತ್ತರಿಸು, ಎರಡು ಮಡಿಕೆ, ಮತ್ತೆರಡು ಮಡಿಕೆ, ತುದಿಯನ್ನು ಕತ್ತರಿಯಿಂದ ಒಂಚೂರು ಕತ್ತರಿಸು. ಬಿಡಿಸಿದರೆ ನಟ್ಟನಡುವೆ ತೂತು. ಕಾಗದವನ್ನು ಕನ್ನಡಿಯ ಮೇಲೆ ಹೊದಿಸು, ತೂತಿನಲ್ಲಿ ಗುರುತು ಅಂಟಿಸು. ಇಷ್ಟು ಹೇಳಿ ಅವಳು ಮತ್ತೆ ಹೊಲಿಗೆಗೆ ಕೂತಳು. ನಾನು ಕನ್ನಡಿಯ ಹೆಸರನ್ನೇ ಎತ್ತಿರಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಸ್ಟೇಷನರಿ ಅಂಗಡಿಯಲ್ಲಿ, ಫೈಲಿನ ಹಾಳೆಯ ತೂತು ಹರಿಯದಿರಲಿ ಎಂದು ಅಂಟಿಸುವ ಪುಟ್ಟ ಬಿಲ್ಲೆಗಳು ಸಿಕ್ಕವು. ಅಳತೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಬಿಳಿ. ಯಜಮಾನರದ್ದು ಕರಿ. ನನಗೆ ಇದೊಂದು ಸಮಸ್ಯೆಯಾ? ಬಟ್ಟಲಲ್ಲಿ ಕೂದಲಿನ ಡೈ ಕಲಸಿ, ಬಿಲ್ಲೆಗೆ ಬ್ರಷ್ಷಿನಿಂದ ಹಚ್ಚಿ, ಗಿರಾಕಿಗಳಿಗೆ ಬಿಡುವ ಹಾಗೇ ಅರ್ಧ ಗಂಟೆ ಬಿಟ್ಟೆ. ಎಷ್ಟೋ ಅಜ್ಜಂದಿರನ್ನು ಮದುಮಗನ ಹಾಗೆ ಮಾಡಿದ ಡೈ ಅದು, ಒಂದು ಕಾಗದಕ್ಕೆ ಸೋಲಲಿಲ್ಲ. ಹದಿನೆಂಟನೇ ತಾರೀಖು ಮಧ್ಯಾಹ್ನ ದೊಡ್ಡ ಕನ್ನಡಿಯನ್ನು ಮತ್ತೆ ಹೊರಗೆ ತೆಗೆದು ಬಿಲ್ಲೆ ಅಂಟಿಸಿ ಕೂರಿಸಿದೆ. ಫಿಲ್ಮ್ ಡಬ್ಬಿಯ ತೂತಿನಲ್ಲಿ ನೋಡಿ ಸಣ್ಣ ಕನ್ನಡಿಯನ್ನು ಸರಿಮಾಡಿದೆ. ಲೇಸರ್ ಹಚ್ಚಿ, ಸ್ವಲ್ಪ ಎಡಕ್ಕೆ, ಸ್ವಲ್ಪ ಮೇಲಕ್ಕೆ ಎಂದು ಚುಕ್ಕೆಯನ್ನು ಬಿಲ್ಲೆಯೊಳಗೆ ಇಳಿಸಿದೆ. ಆಮೇಲೆ ತಳದ ಸ್ಕ್ರೂಗಳನ್ನು ತಿರುಪುತ್ತಾ ಬಂದೆ. ಕೆಂಪು ಬೆಳಕು ಹೋದ ದಾರಿಯಲ್ಲೇ ಮರಳಿ ತನ್ನ ತೂತಿಗೇ ಹೊಕ್ಕಿತು. ಆ ಸಂಜೆ ಶನಿಯ ಗುಂಡು ಬೇರೆ, ಬಳೆ ಬೇರೆ. ನನ್ನ ಕಣ್ಣಲ್ಲಿ ನೀರು ಬಂತು ಎಂದರೆ ನಗಬೇಡಿ.

ಹತ್ತೊಂಬತ್ತನೇ ತಾರೀಖು ಅಂಗಡಿಗೆ ರಜೆ. ಆದರೂ ಮನೆಯವಳು ದೊಡ್ಡವರು ಬರುತ್ತಿದ್ದಾರೆ, ಕೋಟು ಹಾಕಿಕೊಳ್ಳಿ ಎಂದು ತೊಡಿಸಿ, ಎಂದಿನಂತೆ ಕಾಲರು ನೀವಿದಳು. ಬೆಳಕಿರುವಾಗಲೇ ಯಜಮಾನರು ಬಂದರು. ಮನೆಯವಳೂ ಭಾಮೈದನೂ ನಮ್ಮ ಜೊತೆ ಅಂಗಡಿಯ ಮಾಳಿಗೆಗೆ ಹತ್ತಿದರು. ಯಜಮಾನರು ಡಬ್ಬಿಯ ತೂತಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಕತ್ತಲಾಗುತ್ತಾ ಬಂದಾಗ ಶನಿಯನ್ನು ನೋಡಿದರು.

"ಚೆನ್ನಾಗಿದೆ ಕಣಯ್ಯಾ," ಅಂದರು. "ಇನ್ನು ಇದು ನಿಂದೇ."

ಗೆದ್ದೆ. ಅಲ್ಲಿಗೆ ಬಾಯಿ ಮುಚ್ಚಿಕೊಂಡು ಕೆಳಗಿಳಿದಿದ್ದರೆ ಕತೆ ಮುಗಿದಿತ್ತು. ಆದರೆ ಅವರು ಪೈಪಿನ ಮೈ ಸವರುತ್ತಾ ಬಿಲ್ಲೆಯ ಕತೆ ತೆಗೆದರು. ಫಿಲ್ಮಿನ ಕರಿ ಕಾಗದದಲ್ಲಿ ಕತ್ತರಿಸಿದ್ದಂತೆ, ಅಂಟಿಸುವಾಗ ಕೈ ನಡುಗದಿರಲಿ ಎಂದು ಮಧ್ಯಾಹ್ನದವರೆಗೆ ಉಸಿರು ಬಿಗಿಹಿಡಿದಿದ್ದರಂತೆ, ಹದಿನಾಲ್ಕು ವರ್ಷದಿಂದ ಅದು ಅಲ್ಲೇ ಇದೆಯಂತೆ, ಇವತ್ತೂ ಅದನ್ನು ಕಂಡು ಹಳೆಯ ಸ್ನೇಹಿತನನ್ನು ನೋಡಿದ ಹಾಗಾಯಿತಂತೆ. ಅವರು ಸ್ನೇಹಿತ ಎಂದು ಕರೆದದ್ದು ನಾನು ಡೈ ಹಚ್ಚಿದ ಸ್ಟೇಷನರಿ ಬಿಲ್ಲೆಯನ್ನು. ನನಗೆ ತಡೆಯಲಾಗಲಿಲ್ಲ. ಎರಡು ವರ್ಷ ಗಾಜು ಉಜ್ಜಿದ ಕೈಗಳು ನನ್ನ ಕಣ್ಣೆದುರೇ ಇದ್ದವು.

"ಸಾರ್, ಅದು ನಿಮ್ಮ ಬಿಲ್ಲೆ ಅಲ್ಲ," ಅಂದೆ. "ಕೊಳೆ ಅಂದ್ಕೊಂಡು ನಾನೇ ಕಿತ್ತು ಹಾಕ್ದೆ. ಕನ್ನಡೀನೂ ಮುಟ್ದೆ, ಸುಳ್ಳೂ ಹೇಳ್ದೆ. ತಪ್ಪಾಯ್ತು. ತಗೊಂಡು ಹೋಗಿ."

ಟೆಲಿಸ್ಕೋಪು ಕೈಬಿಟ್ಟಿತು ಎಂದು ನಾನು ತಲೆ ತಗ್ಗಿಸಿ ನಿಂತೆ. ಯಜಮಾನರು ನನ್ನ ಕಡೆ ನೋಡಲೇ ಇಲ್ಲ. ಪೈಪನ್ನು ನನ್ನ ಕಡೆಗೇ ತಳ್ಳಿ, ನನ್ನ ಹೆಂಡತಿಯ ಕಡೆ ತಿರುಗಿದರು.

"ಏನಮ್ಮಾ, ಸೋತ್ಯಾ?"

"ಸೋತೆ ಯಜಮಾನ್ರೇ," ಅಂದಳು ಅವಳು. "ನಿಮ್ಮ ಹೊಸ ಮನೆ ಪರದೆಗಳೆಲ್ಲ ನನ್ನ ಲೆಕ್ಕ. ಇಪ್ಪತ್ತಾರು ವರ್ಷದಲ್ಲಿ ಇವ್ರ ಬಾಯಲ್ಲಿ ತಪ್ಪಾಯ್ತು ಅನ್ನೋ ಮಾತು ಕೇಳಿರ್ಲಿಲ್ಲ, ಯಾವ ಧೈರ್ಯದ ಮೇಲೆ ನೀವು ಪಂತ ಕಟ್ಟಿದ್ರೋ."

ಸೋತವಳ ಮುಖದಲ್ಲಿ ಅಷ್ಟು ಖುಷಿಯನ್ನು ನಾನು ನೋಡಿರಲಿಲ್ಲ. ನನಗೆ ತಲೆಬುಡ ತಿಳಿಯಲಿಲ್ಲ. ಅವಳು ನನ್ನ ಕೈ ಹಿಡಿದು ಕೆಳಗೆ ಅಂಗಡಿಗೆ ಕರೆತಂದು, ದೀಪ ಹಾಕಿ, ನನ್ನ ಕುರ್ಚಿಯಲ್ಲಿ ನನ್ನನ್ನೇ ಕೂರಿಸಿದಳು. ಮೂವತ್ತೊಂದು ವರ್ಷದಲ್ಲಿ ನಾನು ಅದರಲ್ಲಿ ಗಿರಾಕಿಯಾಗಿ ಕೂತದ್ದಿಲ್ಲ. ಹಿಂದೆ ಯಜಮಾನರೂ ಭಾಮೈದನೂ ಬಂದು ನಿಂತರು. ಅವಳು ನನ್ನ ಕೈಗನ್ನಡಿಯನ್ನು ತೆಗೆದುಕೊಂಡು, ನಾನು ಎಲ್ಲರಿಗೂ ಹಿಡಿಯುವ ಹಾಗೇ, ನನ್ನ ಕತ್ತಿನ ಹಿಂದೆ ಹಿಡಿದಳು.

ಗೋಡೆಗನ್ನಡಿಯಲ್ಲಿ ಮೊದಲು ಟ್ಯೂಬ್‌ಲೈಟು ಕಂಡಿತು. ಅವಳು ಕೈಗನ್ನಡಿಯನ್ನು ಸ್ವಲ್ಪ ಎಡಕ್ಕೆ ತಂದಳು, ಸ್ವಲ್ಪ ಮೇಲಕ್ಕೆ ಎತ್ತಿದಳು. ನನ್ನ ಹಿಂದಲೆ ಬಂತು. ಅದರ ಕೆಳಗೆ ಬಿಳಿ ಕೋಟಿನ ಕಾಲರು ಬಂತು. ಕಾಲರಿನ ನಟ್ಟನಡುವೆ ಕರಿ ಕಾಗದದ ಒಂದು ಬಿಲ್ಲೆ, ಅದರ ಮಧ್ಯೆ ತೂತು. ಅಂದು ಕತ್ತು ಕೆರೆದುಕೊಂಡದ್ದು ಆಗ ನೆನಪಾಯಿತು. ಆಮೇಲೆ ಪ್ರತಿ ಬೆಳಿಗ್ಗೆ ಅವಳ ಬೆರಳು ಕಾಲರನ್ನು ನೀವಿದ್ದೂ, ಆ ಬೆರಳಿಗೆ ಗೋಂದಿನ ವಾಸನೆ ಇದ್ದದ್ದೂ.

"ನೋಡ್ಕೊಳ್ಳಿ," ಅಂದಳು. "ಸರಿಯಾಗಿದ್ಯಾ?"

ಈ ಪ್ರಶ್ನೆಯನ್ನು ನಾನು ಎಷ್ಟು ಸಾವಿರ ಜನರನ್ನು ಕೇಳಿದ್ದೇನೋ. ಅವರೆಲ್ಲ ಏನು ಮಾಡುತ್ತಿದ್ದರೋ ನಾನೂ ಅದನ್ನೇ ಮಾಡಿದೆ. ಕನ್ನಡಿಯಲ್ಲಿ ಅವಳ ಮುಖ ನೋಡಿ, ಸರಿಯಾಗಿದೆ ಎಂದು ತಲೆಯಾಡಿಸಿದೆ.